ಜಾಮೀನು ಬ್ಯಾಂಕಿಗೆ, ಸಾಲ ನಿನಗೆ

ವಸಂತನರಸಾಪುರದಲ್ಲಿ ಕಾರ್ಖಾನೆ ಶೆಡ್ ಕಟ್ಟುವ ಕೆಲಸ ಸಿಕ್ಕಿದೆ, ಮನೆಪತ್ರ ಕೇಳದೆ ಬ್ಯಾಂಕಿನವರು ಸಾಲ ಕೊಡ್ತಾರಂತೆ ಅಂದೆಯಲ್ಲ, ಕೇಳಿ ಸಂತೋಷವಾಯ್ತು ಕಣಪ್ಪ. ಆಸ್ತಿ ಇಲ್ಲದವನಿಗೂ ಸಾಲ ಹುಟ್ಟಲಿ ಅಂತಲೇ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ ಸೇರಿ, ಇಂಥ ಸಾಲಕ್ಕೆ ಜಾಮೀನು ನಿಲ್ಲುವ ಸಿಜಿಟಿಎಂಎಸ್‌ಇ ಟ್ರಸ್ಟ್ ಮಾಡಿದ್ದು. 5 ಕೋಟಿ ಇದ್ದ ಜಾಮೀನಿನ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿ ಆಗಿದೆ.

ಆದರೆ ಒಂದು ಮಾತು ಚೆನ್ನಾಗಿ ತಿಳಿದುಕೋ. ಟ್ರಸ್ಟ್ ಜಾಮೀನು ನಿಲ್ಲುವುದು ಬ್ಯಾಂಕಿಗೆ, ನಿನಗಲ್ಲ. ನೀನು ಕಟ್ಟದಿದ್ದರೆ ಬ್ಯಾಂಕಿನ ನಷ್ಟದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಟ್ರಸ್ಟ್ ತುಂಬಿಕೊಡುತ್ತದೆ. ಅಷ್ಟಕ್ಕೆ ನಿನ್ನ ಸಾಲ ತೀರುವುದಿಲ್ಲ. ನಿನ್ನದರಂಥ ದೊಡ್ಡ ಸಾಲದಲ್ಲಿ, ಟ್ರಸ್ಟಿನ ಹಣ ಕೇಳುವ ಮೊದಲೇ ಬ್ಯಾಂಕು ನಿನ್ನ ಮೇಲೆ ಕಾನೂನು ಕ್ರಮ ಹೂಡಿರಬೇಕು. ವಸೂಲಿ ಆಮೇಲೂ ನಡೆಯುತ್ತದೆ, ಸಿಬಿಲ್‌ನಲ್ಲಿ ನಿನ್ನ ಹೆಸರೇ ಕೆಡುತ್ತದೆ. ‘ಸರ್ಕಾರ ನೋಡಿಕೊಳ್ಳುತ್ತೆ ಬಿಡು’ ಅನ್ನುವವರ ಮಾತಿಗೆ ಕಿವಿ ಕೊಡಬೇಡ. ಸಾಲ ಕೊಡುವ, ಬಿಡುವ ತೀರ್ಮಾನವೂ ಬ್ಯಾಂಕಿನದೇ. ಜಾಮೀನಿಗೆ ವರ್ಷ ವರ್ಷ ಶುಲ್ಕವಿದೆ, ಬಹಳ ಕಡೆ ಅದನ್ನು ನಿನ್ನಿಂದಲೇ ಹಿಡಿಯುತ್ತಾರೆ. ಬಡ್ಡಿಯ ಜೊತೆ ಅದನ್ನೂ ಸೇರಿಸಿ ಲೆಕ್ಕ ಹಾಕು.

ನಮ್ಮ ಕಸುಬಿನಲ್ಲಿ ಲಾಭ ಇಲ್ಲದೆ ಮುಳುಗಿದವರಿಗಿಂತ ಬಿಲ್ ತಡವಾಗಿ ಮುಳುಗಿದವರೇ ಹೆಚ್ಚು. ಕಬ್ಬಿಣದವನಿಗೆ ಮೊದಲೇ ದುಡ್ಡು ಎಣಿಸಬೇಕು. ಶನಿವಾರದ ಬಟವಾಡೆ ಒಂದು ದಿನವೂ ನಿಲ್ಲುವ ಹಾಗಿಲ್ಲ. ಕಂಪನಿಯ ಎಂಜಿನಿಯರ್ ಅಳತೆ ಹಿಡಿದು, ರನ್ನಿಂಗ್ ಬಿಲ್ ಪಾಸಾಗಿ, ಹಣ ಕೈಗೆ ಬರುವ ಹೊತ್ತಿಗೆ ಎರಡು ತಿಂಗಳು ಕಳೆದರೂ ಆಶ್ಚರ್ಯವಿಲ್ಲ. ಪ್ರತಿ ಬಿಲ್ಲಿನಲ್ಲೂ ರಿಟೆನ್ಷನ್ ಅಂತ ಒಂದಿಷ್ಟು ಹಿಡಿದಿಡುತ್ತಾರೆ, ಅದು ಬರುವುದು ಶೆಡ್ ಒಪ್ಪಿಸಿ ಎಷ್ಟೋ ಕಾಲದ ಮೇಲೆ. ಹಾಗಾಗಿ ‘ಎಷ್ಟು ಸಿಗುತ್ತೆ’ ಅಂತ ಬ್ಯಾಂಕಿನಲ್ಲಿ ಕೇಳುವ ಮುಂಚೆ, ನಿನ್ನ ಕೈಯ ದುಡ್ಡು ಸೈಟಿನಲ್ಲಿ ಎಷ್ಟು ತಿಂಗಳು ಸಿಕ್ಕಿಕೊಂಡಿರುತ್ತೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ನೋಡು. ಅಷ್ಟಕ್ಕೆ ಓವರ್‌ಡ್ರಾಫ್ಟ್ (ಓಡಿ) ಕೇಳು. ಹೈಡ್ರಾ ಕ್ರೇನು, ವೆಲ್ಡಿಂಗ್ ಸೆಟ್ಟಿಗೆ ಬೇರೆಯಾಗಿ ಟರ್ಮ್ ಲೋನ್ ತಗೋ. ಓಡಿ ದುಡ್ಡಲ್ಲಿ ಕ್ರೇನ್ ಕೊಂಡರೆ ಮುಂದಿನ ಶನಿವಾರ ಬಟವಾಡೆಗೆ ಕೈಬದಲು ಮಾಡಬೇಕಾಗುತ್ತೆ. ಕಂಪನಿ ಮುಂಗಡ ಕೊಡುವುದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿದರೆ ಅದಕ್ಕೂ ಈ ಯೋಜನೆಯಲ್ಲಿ ಅವಕಾಶವಿದೆ. ಮೊದಲ ಅರ್ಜಿಯಲ್ಲೇ ಆ ಗ್ಯಾರಂಟಿಯ ಮಿತಿಯನ್ನೂ ಬರೆಸು.

45 ದಿನದೊಳಗೆ ಸಣ್ಣ ಉದ್ಯಮದ ಬಾಕಿ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತೆ, ನಿಜ. ಆದರೆ ಕಟ್ಟಡದ ಗುತ್ತಿಗೆಗೆ ಅದು ಅನ್ವಯಿಸುತ್ತದೋ ಇಲ್ಲವೋ ಅಂತ ಕೋರ್ಟುಗಳಲ್ಲಿ ತಕರಾರು ಎದ್ದಿದೆ. ಅದನ್ನೇ ನಂಬಿ ಕೂರಬೇಡ. ಬಿಲ್ ಕೊಟ್ಟ ಎಷ್ಟು ದಿನಕ್ಕೆ ಹಣ, ತಡವಾದರೆ ಎಷ್ಟು ಬಡ್ಡಿ, ರಿಟೆನ್ಷನ್ ಯಾವತ್ತು ವಾಪಸ್ಸು, ಮೂರನ್ನೂ ಕರಾರಿನಲ್ಲೇ ಬರೆಸಿ ಸಹಿ ಹಾಕಿಸಿಕೋ. ಕೆಲಸ ಕೈತಪ್ಪೀತು ಅನ್ನುವ ಸಂಕೋಚ ನಿನಗಿದೆ, ನನಗೆ ಗೊತ್ತು. ಕೇಳಿದ್ದಕ್ಕೇ ಮುಖ ತಿರುಗಿಸುವ ಕಂಪನಿಯ ಶೆಡ್ಡಿಗೆ ನಿನ್ನ ಸಾಲದ ದುಡ್ಡು ಸುರಿಯುವುದು ನನಗಂತೂ ಇಷ್ಟವಿಲ್ಲ.

ಈ ಸಾಲಕ್ಕೆ ಬೇಕಾಗುವ ಉದ್ಯಮ್ ನೋಂದಣಿ ಮಾಡಿಸಿಕೊಡ್ತೀನಿ ಅಂತ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡ. ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರಾ ಉಚಿತ; ನಿನ್ನ ಆಧಾರ್, ಪ್ಯಾನ್, ಜಿಎಸ್‌ಟಿ ನಂಬರ್ ಇಟ್ಟುಕೊಂಡು ನೀನೇ ಕೂತು ಮಾಡು. ಬ್ಯಾಂಕಿಗೆ ಹೋಗುವಾಗ ವರ್ಕ್ ಆರ್ಡರ್ ಜೊತೆಗೆ ಹಳೆಯ ಸೈಟುಗಳ ಪಾಸಾದ ಬಿಲ್ಲುಗಳನ್ನೂ ಜೋಡಿಸಿಕೊಂಡು ಹೋಗು.