ಮದ್ದಿಗೆ ಮಣಿಯದ ಅಣುಜೀವಿಗಳು

ಶಿವಮೊಗ್ಗೆಯ ಗೋಪಾಳ ಬಡಾವಣೆಯಲ್ಲಿ ಬಾಲಕನೊಬ್ಬನಿಗೆ ಮಳೆಗಾಲದ ಜ್ವರ ಬಂದಿತೆಂದು ಭಾವಿಸೋಣ. ನಾಲ್ಕು ದಿನವಾದರೂ ಜ್ವರ ಇಳಿಯಲಿಲ್ಲ. ಮನೆಯವರು ಔಷಧದಂಗಡಿಗೆ ಹೋಗಿ, ಕಳೆದ ವರ್ಷ ಅವನ ಅಕ್ಕನಿಗೆ ಗುಣ ತೋರಿದ್ದ ಮಾತ್ರೆಯನ್ನೇ ಕೇಳಿ ತಂದರು. ಅದು ಈ ಬಾರಿಯೂ ಫಲಿಸೀತೆ?

ಮೈ ಬಿಸಿಯಾಗುವುದು ಒಂದೇ ಬಗೆ. ಅದಕ್ಕೆ ಕಾರಣವಾಗುವ ಜೀವಿಗಳು ಹಲವು ಬಗೆ. ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ವಿಷಮಶೀತಜ್ವರವನ್ನು, ಎಂದರೆ ಟೈಫಾಯಿಡನ್ನು, ದಂಡಾಕಾರದ ಬ್ಯಾಕ್ಟೀರಿಯಾ ಉಂಟುಮಾಡುತ್ತದೆ. ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರದ ಬ್ಯಾಕ್ಟೀರಿಯಾ ತಿರುಪಿನಂತೆ ಸುರುಳಿಯಾದುದು. ಗಂಟಲುಬೇನೆಯನ್ನು ತರುವ ಒಂದು ಜಾತಿಯಾದರೋ ದುಂಡಗಿದ್ದು, ಪೋಣಿಸಿದ ಮಣಿಗಳಂತೆ ಸಾಲುಗಟ್ಟಿರುತ್ತದೆ. ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇವಾವುವಕ್ಕೂ ಸೇರಿದುದಲ್ಲ. ಅದು ಉಣುಗಿನ ಕಡಿತದಿಂದ ತಗಲುವ ವೈರಸ್ ರೋಗ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪ್ರತಿಜೈವಿಕ ಔಷಧಗಳು ವೈರಸ್ಸನ್ನು ಮುಟ್ಟಲಾರವು.

ಆಕಾರವನ್ನು ನೋಡಿದರಷ್ಟೇ ಸಾಲದು. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ವಿಧಾನದಂತೆ ಬ್ಯಾಕ್ಟೀರಿಯಾಗಳಿಗೆ ನೇರಳೆ ಬಣ್ಣ ಕಟ್ಟಿಸಿ ಮದ್ಯಸಾರದಿಂದ ತೊಳೆದರೆ, ದಪ್ಪ ಕೋಶಭಿತ್ತಿಯುಳ್ಳವು ಬಣ್ಣವನ್ನು ಉಳಿಸಿಕೊಳ್ಳುತ್ತವೆ, ತೆಳುಭಿತ್ತಿಯವು ಕಳೆದುಕೊಳ್ಳುತ್ತವೆ. ಮೊದಲಿನವು ಗ್ರಾಮ್ ಧನ, ಎರಡನೆಯವು ಗ್ರಾಮ್ ಋಣ. ಋಣ ವರ್ಗದವುಗಳಿಗೆ ಭಿತ್ತಿಯ ಹೊರಗೆ ಇನ್ನೊಂದು ಪೊರೆಯಿದ್ದು, ಅದು ಹಲವು ಔಷಧಗಳನ್ನು ಒಳಬಿಡುವುದಿಲ್ಲ. ಟೈಫಾಯಿಡ್ ಬ್ಯಾಕ್ಟೀರಿಯಾ ಈ ವರ್ಗಕ್ಕೆ ಸೇರಿದುದು.

"ನನ್ನ ದೇಹಕ್ಕೆ ಈ ಮಾತ್ರೆ ಒಗ್ಗಿಹೋಗಿದೆ, ಇನ್ನು ನಾಟುವುದಿಲ್ಲ" ಎಂದು ಕೆಲವರು ಹೇಳುವುದುಂಟು. ಒಗ್ಗಿಕೊಳ್ಳುವುದು ದೇಹವಲ್ಲ, ಬ್ಯಾಕ್ಟೀರಿಯಾ. ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಬ್ಯಾಕ್ಟೀರಿಯಾ ಒಂದೇ ಇದ್ದರೂ, ಆಹಾರ ಸಾಕಷ್ಟು ದೊರೆತರೆ, ಹತ್ತು ಗಂಟೆಗಳಲ್ಲಿ ನೂರು ಕೋಟಿಯನ್ನು ಮೀರುತ್ತದೆ. ಅಷ್ಟು ದೊಡ್ಡ ಸಂತಾನದಲ್ಲಿ ಆಕಸ್ಮಿಕ ಮಾರ್ಪಾಟಿನಿಂದ ಔಷಧವನ್ನು ತಾಳಬಲ್ಲ ಒಂದೆರಡು ಹುಟ್ಟಬಹುದು. ಔಷಧವು ಉಳಿದವನ್ನು ಕೊಂದಾಗ ಇವುಗಳಿಗೆ ಸ್ಥಳ ತೆರವಾಗುತ್ತದೆ. ಕೆಲವು ಔಷಧವನ್ನು ಮುರಿಯುವ ಕಿಣ್ವವನ್ನು ತಯಾರಿಸುತ್ತವೆ. ಕೆಲವು ಒಳಬಂದ ಔಷಧವನ್ನು ಹೊರದೂಡುತ್ತವೆ. ಇನ್ನೂ ಸೋಜಿಗವೆಂದರೆ, ಈ ವಿದ್ಯೆಯನ್ನು ಹೊತ್ತ ಉಂಗುರದಂತಹ ವಂಶವಾಹಿ ತುಣುಕನ್ನು ಅವು ನೆರೆಯ ಬ್ಯಾಕ್ಟೀರಿಯಾಗಳಿಗೂ ದಾಟಿಸಬಲ್ಲವು. ಅನಗತ್ಯವಾಗಿ ನುಂಗಿದ ಪ್ರತಿಯೊಂದು ಮಾತ್ರೆಯೂ ಅಂತಹವುಗಳಿಗೆ ಅನುಕೂಲವನ್ನೇ ಮಾಡಿಕೊಡುತ್ತದೆ.

ಟೈಫಾಯಿಡ್‌ಗೆ 1948ರಿಂದ ಕ್ಲೋರಾಂಫೆನಿಕಾಲ್ ರಾಮಬಾಣವಾಗಿತ್ತು. 1972ರಲ್ಲಿ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ಅದಕ್ಕೆ ಬಗ್ಗದ ಟೈಫಾಯಿಡ್ ಹಬ್ಬಿತು. ಅನಂತರ ಸಿಪ್ರೊಫ್ಲಾಕ್ಸಾಸಿನ್ ಬಳಕೆಗೆ ಬಂದಿತು; ನಮ್ಮ ದೇಶದಲ್ಲಿ ಅದೂ ಬಹುಮಟ್ಟಿಗೆ ಮೊಂಡಾಗಿದೆ. ಆದುದರಿಂದಲೇ ವೈದ್ಯರು ರೋಗಿಯ ರಕ್ತವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸುವಾಗ ಬೇರೆ ಬೇರೆ ಔಷಧಗಳನ್ನು ಹೀರಿದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತಾರೆ. ಫಲಕಾರಿಯಾದ ಔಷಧದ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ವಲಯವೊಂದು ಉಳಿಯುತ್ತದೆ. ಬಹುಕಾಲ ಬಳಕೆ ತಗ್ಗಿದ್ದ ಆ ಹಳೆಯ ಕ್ಲೋರಾಂಫೆನಿಕಾಲ್ ಬಿಲ್ಲೆಯ ಸುತ್ತಲೂ ಭಾರತದ ಹಲವೆಡೆ ಇಂತಹ ವಲಯ ಮತ್ತೆ ಕಾಣಿಸಿಕೊಂಡಿದೆ.