ನೀರೇ ಸಾಕ್ಷಿ

ನಮ್ಮ ಹಿರಿಯರು ಮಡಕೆಯನ್ನು ಕೊಳ್ಳುವಾಗ ಬೆರಳಿನಿಂದ ಬಡಿದು ಅದರ ನಾದವನ್ನು ಕೇಳುತ್ತಿದ್ದರು. ಎತ್ತನ್ನು ಕೊಳ್ಳುವಾಗ ಅದರ ಹಲ್ಲು ನೋಡಿ, ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಹೂಡಿ ಪರೀಕ್ಷಿಸುತ್ತಿದ್ದರು. ಮಾರುವವನು ತನ್ನ ಸರಕನ್ನು ಹೊಗಳುವುದು ಸಹಜವೆಂದೂ, ಆ ಹೊಗಳಿಕೆ ಕೊಳ್ಳುವವನಿಗೆ ಪ್ರಮಾಣವಾಗದೆಂದೂ ಅವರು ಬಲ್ಲವರಾಗಿದ್ದರು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಇಂತಹ ಅನುಭವದ ಫಲ. ಈಗ ಕಾಲ ಬದಲಾಗಿದೆ. ಸಂತೆಯೇ ಮೊಬೈಲಿನೊಳಗೆ ಬಂದು ಕುಳಿತಿದೆ. ಅಲ್ಲಿ ಮಡಕೆ ಕೈಗೆ ಎಟುಕುವುದಿಲ್ಲ. ಎತ್ತನ್ನು ನಡೆಸಿ ನೋಡಲು ನೆಲವಿಲ್ಲ. ಒಂದು ಚಿತ್ರ, ಒಂದು ಬೆಲೆ, ಅವುಗಳ ಕೆಳಗೆ ಹಿಂದೆ ಕೊಂಡವರು ಬರೆದರೆನ್ನಲಾದ ಮಾತುಗಳು, ಇಷ್ಟೇ ನಮಗಿರುವ ಆಧಾರ. ಆ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆ ನನ್ನೆದುರಿಗೆ ಬಂದುದು ಒಂದು ಜೀವರಕ್ಷಕ ಅಂಗಿಯ ರೂಪದಲ್ಲಿ.

ನಮ್ಮೂರು ಹರಪನಹಳ್ಳಿ ತಾಲ್ಲೂಕಿನ ನೀಲಗುಂದ. ಕಲ್ಯಾಣದ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವುಳ್ಳ ಊರು. ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಬೇಸಿಗೆಯಲ್ಲಿ ಹೊಳೆ ಸೊರಗಿದಂತೆ ಕಂಡರೂ ಅದರ ಮಡುಗಳು ಮೋಸಗಾರ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳೆತ್ತರದ ನೀರು. ಹೋದ ಬೇಸಿಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ನನ್ನ ಮೊಮ್ಮಗನು ಹೊಳೆಯ ದಂಡೆಯ ಊರೊಂದರಲ್ಲಿರುವ ಬಂಧುಗಳ ಮನೆಗೆ ಹೊರಟುನಿಂತನು. ಗೆಳೆಯರೊಡನೆ ಹೊಳೆಯಲ್ಲಿ ಆಡಬೇಕೆಂಬುದು ಅವನ ಬಯಕೆ. ಈಜು ಬಾರದು, ಆದರೆ ಅದಕ್ಕೊಂದು ಉಪಾಯವನ್ನು ಅವನು ಆಗಲೇ ಕಂಡುಕೊಂಡಿದ್ದನು. ತಾನು ಕೂಡಿಟ್ಟಿದ್ದ 650 ರೂಪಾಯಿಗಳನ್ನು ಕೊಟ್ಟು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಒಂದನ್ನು ಮೊಬೈಲಿನ ಮೂಲಕ ತರಿಸಿದ್ದನು.

“ಅಜ್ಜಾ, ಇದಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್ ಬಂದಿದೆ. ಸಾವಿರಾರು ಜನ ಒಳ್ಳೆಯದೆಂದು ಬರೆದಿದ್ದಾರೆ. ಇನ್ನೇಕೆ ಹೆದರಿಕೆ?” ಎಂದು ಅವನು ಕೇಳಿದನು.

ನಾನು ಕನ್ನಡಕವನ್ನು ಹಾಕಿಕೊಂಡು ಆ ಅಭಿಪ್ರಾಯಗಳನ್ನು ಒಂದೊಂದಾಗಿ ಓದತೊಡಗಿದೆನು. ಮೂವತ್ತೈದು ವರುಷ ಉತ್ತರಪತ್ರಿಕೆಗಳನ್ನು ತಿದ್ದಿದ ಕಣ್ಣಿಗೆ ನಕಲು ಬೇಗ ಗೋಚರಿಸುತ್ತದೆ. ಹತ್ತಾರು ಅಭಿಪ್ರಾಯಗಳು ಎರಡೇ ದಿನಗಳಲ್ಲಿ ಬಂದಿದ್ದವು. ಅನೇಕವುಗಳಲ್ಲಿ ಅದೇ ಪದ, ಅದೇ ತಪ್ಪು. ಒಬ್ಬರು ‘ಬಣ್ಣ ಬಹಳ ಚೆಂದ’ ಎಂದಿದ್ದರು. ಇನ್ನೊಬ್ಬರು ‘ಹೇಳಿದ ದಿನಕ್ಕೆ ಬಂದು ತಲುಪಿತು’ ಎಂದಿದ್ದರು. ಮತ್ತೊಬ್ಬರು ಹೊಗಳಿದ್ದುದು ಅಂಗಿಯನ್ನಲ್ಲ, ಹೆಗಲಿಗೆ ಹಾಕುವ ಚೀಲವನ್ನು! ಇದನ್ನು ತೊಟ್ಟು ನೀರಿಗಿಳಿದೆ, ಇಷ್ಟು ಹೊತ್ತು ತೇಲಿದೆ ಎಂದು ಬರೆದವರು ಆ ಹೊಗಳಿಕೆಯ ರಾಶಿಯಲ್ಲಿ ಸಿಕ್ಕಲಿಲ್ಲ. ಬಹಳ ಕೆಳಗೆ, ಎರಡೇ ಸ್ಟಾರ್ ಪಡೆದು ಮೂಲೆ ಸೇರಿದ್ದ ಒಂದು ಮಾತು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು: ‘ಹೊತ್ತು ಹೋದಂತೆ ಭಾರವಾಗುತ್ತದೆ.’

“ನೀನು ಹೊಳೆಗೆ ಹೋಗುವ ಮೊದಲು ಇದು ನಮ್ಮ ಬಾವಿಗೆ ಹೋಗಲಿ” ಎಂದೆನು.

ಮಕ್ಕಳೇ, ಆರ್ಕಿಮಿಡೀಸನ ತತ್ತ್ವವನ್ನು ನೀವು ವಿಜ್ಞಾನದ ತರಗತಿಯಲ್ಲಿ ಕಲಿಯುತ್ತೀರಿ. ನೀರಿನಲ್ಲಿ ಮುಳುಗಿದ ವಸ್ತುವಿನ ಮೇಲೆ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಬಲ ಮೇಲ್ಮುಖವಾಗಿ ವರ್ತಿಸುತ್ತದೆ. ನಮ್ಮ ದೇಹದ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಸಮೀಪ. ಆದುದರಿಂದ ನೀರಿನಲ್ಲಿ ತಲೆ ಮೇಲಿರುವಂತೆ ಮಾಡಲು ದೇಹದ ಪೂರ್ಣ ತೂಕವನ್ನು ಎತ್ತಬೇಕಾಗಿಲ್ಲ; ಕೆಲವೇ ಕಿಲೋಗ್ರಾಂಗಳ ಆಸರೆ ಸಾಕು. ಜೀವರಕ್ಷಕ ಸಾಧನಗಳ ಅಂತಾರಾಷ್ಟ್ರೀಯ ಮಾನದಂಡವು ಅವುಗಳನ್ನು 50, 100, 150 ಮತ್ತು 275 ನ್ಯೂಟನ್ ಎಂಬ ನಾಲ್ಕು ಮಟ್ಟಗಳಲ್ಲಿ ವಿಂಗಡಿಸುತ್ತದೆ. 50 ನ್ಯೂಟನ್ ಎಂದರೆ ಸುಮಾರು ಐದು ಕಿಲೋಗ್ರಾಂ ತೂಕವನ್ನು ಎತ್ತಿಹಿಡಿಯುವ ಬಲ. ಆ ಮಟ್ಟದ ಅಂಗಿ ಈಜು ಬಲ್ಲವರಿಗೆ, ದಡದ ಬಳಿ, ನೆರವು ಸಮೀಪದಲ್ಲಿರುವಾಗ ತೊಡಲು ತಕ್ಕುದು. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವ ಭರವಸೆಯನ್ನು ಅದು ಕೊಡುವುದಿಲ್ಲ. ಈಜು ಬಾರದ ನನ್ನ ಮೊಮ್ಮಗನು ತರಿಸಿದ ಅಂಗಿಯ ಮೇಲೆ ಇದ್ದುದು ಇದೇ ‘50 ನ್ಯೂಟನ್’ ಎಂಬ ಅಚ್ಚು. ಮಾನದಂಡದ ಸಂಖ್ಯೆಯಾಗಲಿ, ತಯಾರಿಸಿದವರ ವಿಳಾಸವಾಗಲಿ ಅದರಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹೊಲದ ಬಾವಿಗೆ ಹೋದೆವು. ಊರಿನ ಎರಡು ತಲೆಮಾರಿನ ಹುಡುಗರಿಗೆ ಈಜು ಕಲಿಸಿದ ನೆರೆಮನೆಯ ಹಿರಿಯರೂ ಜೊತೆಗೆ ಬಂದರು. ಅಂಗಡಿಯಿಂದ ಐದು ಕಿಲೋದ ಕಬ್ಬಿಣದ ತೂಕದ ಕಲ್ಲೊಂದನ್ನು ಎರವಲು ತಂದು, ಅಂಗಿಯ ಕೆಳಗೆ ಹಗ್ಗದಿಂದ ತೂಗುಹಾಕಿ, ಇನ್ನೊಂದು ಹಗ್ಗವನ್ನು ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟೆವು. ಐದು ಕಿಲೋ ಕಬ್ಬಿಣ ನೀರಿನಲ್ಲಿ ಸುಮಾರು ನಾಲ್ಕೂವರೆ ಕಿಲೋದಷ್ಟೇ ತೂಗುತ್ತದೆ. ಅಚ್ಚಾದ ಮಾತು ದಿಟವಾಗಿದ್ದರೆ ಅಂಗಿ ಅದನ್ನು ನಿರಾಯಾಸವಾಗಿ ಹೊರಬೇಕು.

ಅಂಗಿ ತೇಲಿತು. ಮೊಮ್ಮಗನ ಮುಖ ಅರಳಿತು. “ನೋಡಿದಿರಾ ಅಜ್ಜಾ?” ಎಂದನು.

“ತಡೆಯಪ್ಪಾ, ನೀರಿಗೇನೂ ಅವಸರವಿಲ್ಲ” ಎಂದರು ಆ ಹಿರಿಯರು.

ಕಾಲು ಗಂಟೆಯಲ್ಲಿ ಅಂಗಿಯ ಹೆಗಲು ನೀರಿನ ಮಟ್ಟಕ್ಕೆ ಬಂದಿತು. ಅರ್ಧ ಗಂಟೆಯಲ್ಲಿ ಕೊರಳ ಭಾಗವಷ್ಟೇ ಕಾಣುತ್ತಿತ್ತು. ಆಮೇಲೆ ಸದ್ದಿಲ್ಲದೆ, ಗುಳ್ಳೆಗಳ ಒಂದು ಸಣ್ಣ ಸಾಲನ್ನು ಮೇಲೆ ಬಿಟ್ಟು, ಅದು ಕೆಳಗಿಳಿಯಿತು. ಹುಡುಗನ ಮುಖದ ಬಣ್ಣ ಇಳಿದುಹೋಯಿತು. ಆ ತೂಕದ ಕಲ್ಲಿನ ಜಾಗದಲ್ಲಿ ಯಾರಿರಬಹುದಾಗಿತ್ತು ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅಂಗಿಯನ್ನು ಮೇಲಕ್ಕೆಳೆದು ಹೊಲಿಗೆ ಬಿಚ್ಚಿದೆವು. ಒಳಗಿದ್ದುದು ಸ್ಲೇಟು ಒರೆಸುವಂತಹ ಸ್ಪಂಜು. ಒಳ್ಳೆಯ ಜೀವರಕ್ಷಕ ಅಂಗಿಯಲ್ಲಿ ಬಳಸುವ ಬೆಂಡಿನ ಕಣಗಳು ಒಂದೊಂದೂ ಮುಚ್ಚಿದ ಗೂಡುಗಳು. ಅವುಗಳೊಳಗಿನ ಗಾಳಿ ಹೊರಬರದು, ನೀರು ಒಳಹೋಗದು. ಸ್ಪಂಜಿನ ಗೂಡುಗಳಾದರೋ ಬಾಗಿಲು ತೆರೆದ ಮನೆಗಳು. ಒಣಗಿದ್ದಾಗ ಎರಡೂ ಹಗುರ, ಎರಡೂ ಮೆದು. ನೀರಿಗಿಳಿದ ಮೇಲೆಯೇ ಅವುಗಳ ಕುಲ ತಿಳಿಯುವುದು. “ಮೇಷ್ಟ್ರೇ, ನಮ್ಮಪ್ಪ ಸೋರೆಬುರುಡೆಯನ್ನು ಸೊಂಟಕ್ಕೆ ಕಟ್ಟುವ ಮೊದಲು ಅದನ್ನು ನೀರಿನಲ್ಲಿ ಅದುಮಿ ಹಿಡಿದು, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದರು. ಗುಳ್ಳೆ ಎದ್ದರೆ ಆ ಬುರುಡೆ ಒಲೆಗೆ” ಎಂದು ಹಿರಿಯರು ನೆನೆದರು. ಓದುಬರಹ ಅರಿಯದ ಆ ರೈತನು ಮಾಡಿದ ಪರೀಕ್ಷೆಯನ್ನು ಸಾವಿರಾರು ಅಭಿಪ್ರಾಯಗಳನ್ನು ಬರೆದವರು ಮಾಡಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅಂದು ಸಂಜೆ ಮೊಮ್ಮಗನು ನನ್ನ ಬಳಿ ಬಂದು ಒಂದು ಸಣ್ಣ ಚೀಟಿಯನ್ನು ಮುಂದಿಟ್ಟನು. ಅದು ಅಂಗಿಯ ಡಬ್ಬಿಯಲ್ಲಿದ್ದುದು. ಐದು ಸ್ಟಾರ್ ಕೊಟ್ಟು ಹೊಗಳಿ ಬರೆದವರಿಗೆ 100 ರೂಪಾಯಿ ಮರಳಿ ಬರುವುದೆಂದು ಅದರಲ್ಲಿ ಅಚ್ಚಾಗಿತ್ತು. “ಅಜ್ಜಾ, ನಾನೂ ಬರೆದುಬಿಟ್ಟೆ. ‘ಬಹಳ ಚೆನ್ನಾಗಿದೆ, ಧೈರ್ಯವಾಗಿ ಕೊಳ್ಳಿ’ ಎಂದು ಬರೆದೆ. ಡಬ್ಬಿ ಬಿಚ್ಚಿದ ದಿನವೇ ಬರೆದೆ” ಎಂದು ತಲೆ ತಗ್ಗಿಸಿದನು.

ನನಗೆ ಮೋಸದ ಬಳ್ಳಿಯ ಬೇರು ಆಗ ಕಂಡಿತು. ಸುಳ್ಳು ಹೊಗಳಿಕೆಯನ್ನು ಬರೆಯುವವರು ಎಲ್ಲೋ ದೂರದಲ್ಲಿ ಕುಳಿತ ಧೂರ್ತರು ಮಾತ್ರವೇ ಎಂದು ನಾನು ತಿಳಿದಿದ್ದೆನು. ಅವರಲ್ಲಿ ಒಬ್ಬನು ನನ್ನ ಮನೆಯ ಜಗಲಿಯ ಮೇಲೆಯೇ ಇದ್ದನು! ಅವನು ಕೆಟ್ಟವನಲ್ಲ. ನೂರು ರೂಪಾಯಿಯ ಆಸೆಗೆ, ಪರೀಕ್ಷಿಸದ ವಸ್ತುವಿಗೆ ಸಾಕ್ಷಿ ನುಡಿದವನು. ಇಂತಹ ಸಾವಿರ ಸಣ್ಣ ಸಾಕ್ಷಿಗಳು ಕೂಡಿದಾಗ ಒಂದು ದೊಡ್ಡ ಸುಳ್ಳು ಎದ್ದು ನಿಲ್ಲುತ್ತದೆ. ಹಳೆಯ ಕಾಗದಪತ್ರಗಳ ಕೊನೆಯಲ್ಲಿ ಸಾಕ್ಷಿಗಳು ರುಜು ಹಾಕುತ್ತಿದ್ದರು. ಆ ಸಾಕ್ಷಿಗೆ ಹೆಸರಿತ್ತು, ಮುಖವಿತ್ತು. ನಾಳೆಯೂ ಅದೇ ಊರಿನಲ್ಲಿ ಬಾಳಬೇಕೆಂಬ ಅಳುಕಿತ್ತು. ಹೆಸರಿಲ್ಲದ ಸಾಕ್ಷಿಗೆ ಆ ಅಳುಕಿಲ್ಲ. ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು’ ಎನ್ನುವವರು ಹಿಂದೆಯೂ ಇದ್ದರು. ಈಗ ಎತ್ತು ಈಯಿತೆಂದು ಹೇಳುವವರಿಗೆ ಕೂಲಿಯೂ ದೊರೆಯುತ್ತಿದೆ.

ಈ ಕೇಡನ್ನು ಕಾನೂನು ಕಾಣದೆ ಇಲ್ಲ. ನಮ್ಮ ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆ 1986ರದು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರಲ್ಲಿ ಜಾರಿಗೆ ಬಂದಿತು. ಅದೇ ವರ್ಷದ ಇ-ವಾಣಿಜ್ಯ ನಿಯಮಗಳು, ಮಾರಾಟಗಾರನು ತಾನೇ ಗ್ರಾಹಕನೆಂದು ನಟಿಸಿ ತನ್ನ ಸರಕಿನ ಬಗೆಗೆ ಅಭಿಪ್ರಾಯ ಬರೆಯುವುದನ್ನು ನಿಷೇಧಿಸಿವೆ. 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಇಂತಹ ಅಭಿಪ್ರಾಯಗಳ ಸಂಗ್ರಹಣೆ ಮತ್ತು ಪ್ರಕಟಣೆಗಾಗಿ ‘ಐಎಸ್ 19000’ ಎಂಬ ಮಾನದಂಡವನ್ನು ಹೊರತಂದಿತು. ಅಮೆರಿಕದಲ್ಲಿಯೂ ಹುಸಿ ಅಭಿಪ್ರಾಯಗಳನ್ನು ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ನಿಯಮ 2024ರಲ್ಲಿ ಬಂದಿತು. ಮೋಸಹೋದ ಗ್ರಾಹಕನು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಕೊಡಬಹುದು. ಆದರೆ ಕಾನೂನು ಸಾಮಾನ್ಯವಾಗಿ ಹಾನಿಯಾದ ಮೇಲೆ ಬರುತ್ತದೆ. ಕೆಟ್ಟ ಲೇಖನಿಯನ್ನು ಕೊಂಡರೆ ಹಣ ಹೋಗುತ್ತದೆ. ಹಣವನ್ನು ಮತ್ತೆ ಗಳಿಸಬಹುದು. ಕೆಟ್ಟ ಜೀವರಕ್ಷಕ ಅಂಗಿಯನ್ನು ಕೊಂಡವನಿಗೆ ದೂರು ಕೊಡುವ ಅವಕಾಶವೇ ಇಲ್ಲದೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ವಿಶ್ವಸಂಸ್ಥೆಯು ಜುಲೈ 25ನ್ನು ಇಂತಹ ಸಾವುಗಳನ್ನು ತಡೆಯುವ ದಿನವೆಂದು ಸಾರಿದುದು ಅದೇ ವರ್ಷ.

ಹಾಗಾದರೆ ಯಾರ ಮಾತನ್ನೂ ನಂಬಬಾರದೆ? ಹಾಗಲ್ಲ. ಎಲ್ಲವನ್ನೂ ನಂಬುವುದು ಹೇಗೆ ಮೌಢ್ಯವೋ, ಏನನ್ನೂ ನಂಬದಿರುವುದೂ ಹಾಗೆಯೇ ಮೌಢ್ಯ. ನನ್ನನ್ನು ಎಚ್ಚರಿಸಿದುದೂ ಒಬ್ಬ ಅಪರಿಚಿತನ ಅಭಿಪ್ರಾಯವೇ ಅಲ್ಲವೆ? ಅವನು ವಸ್ತುವನ್ನು ಬಳಸಿದ್ದನು; ಬಳಸಿದಾಗ ಕಂಡುದನ್ನು ಕಂಡಂತೆ ಬರೆದಿದ್ದನು. ನಂಬುವ ಮುನ್ನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವು: ಇದನ್ನು ಬರೆದವನು ವಸ್ತುವನ್ನು ಅದರ ನಿಜವಾದ ಕೆಲಸಕ್ಕೆ ಬಳಸಿದ್ದಾನೆಯೆ? ಎಷ್ಟು ದಿನ ಬಳಸಿದ್ದಾನೆ? ಗುಣದೊಡನೆ ದೋಷವನ್ನೂ ಹೇಳಿದ್ದಾನೆಯೆ? ಹೊಗಳಿಕೆಯಿಂದ ಅವನಿಗೆ ಲಾಭವುಂಟೆ? ಎಲ್ಲಕ್ಕಿಂತ ಮಿಗಿಲಾಗಿ, ನಾನೇ ಪರೀಕ್ಷಿಸಿ ನೋಡಬಹುದಾದುದನ್ನು ಪರೀಕ್ಷಿಸಿದ್ದೇನೆಯೆ? ಜೀವದ ಪ್ರಶ್ನೆಯಿರುವಲ್ಲಿ ಸ್ಟಾರ್‌ಗಳನ್ನು ಎಣಿಸುವುದಕ್ಕಿಂತ ಮಾನದಂಡದ ಗುರುತನ್ನು ಹುಡುಕುವುದು ಲೇಸು. ಬಲ್ಲವರನ್ನು ಕಣ್ಣೆದುರಿನಲ್ಲಿ ಕೇಳುವುದು ಇನ್ನೂ ಲೇಸು.

ಮೊಮ್ಮಗನು ಆ ರಾತ್ರಿಯೇ ತನ್ನ ಹೊಗಳಿಕೆಯನ್ನು ಅಳಿಸಿ, ಬಾವಿಯಲ್ಲಿ ಕಂಡುದನ್ನು ನಿಮಿಷಗಳ ಲೆಕ್ಕದೊಡನೆ ಬರೆದನು. ನೂರು ರೂಪಾಯಿ ಬರಲಿಲ್ಲ. ಬಾರದುದಕ್ಕೆ ಅವನು ಮರುಗಲೂ ಇಲ್ಲ. ಹೊಳೆಯ ದಂಡೆಯ ಊರಿಗೆ ಆ ಬೇಸಿಗೆಯಲ್ಲಿ ಅವನು ಹೋಗಲಿಲ್ಲ. ದಿನವೂ ಬೆಳಿಗ್ಗೆ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ಆ ಹಿರಿಯರ ಕಣ್ಗಾವಲಿನಲ್ಲಿ ನಮ್ಮ ಬಾವಿಗೆ ಇಳಿದನು. ಇಪ್ಪತ್ತನೆಯ ದಿನ ಬುರುಡೆಯನ್ನು ಮೆಟ್ಟಿಲ ಮೇಲೆ ಬಿಚ್ಚಿಟ್ಟು, ಈ ದಡದಿಂದ ಆ ದಡಕ್ಕೆ ಈಜಿ, ಏದುಸಿರು ಬಿಡುತ್ತ ನನ್ನತ್ತ ತಿರುಗಿದನು. ಯಾರ ಹೊಗಳಿಕೆಯೂ ಅವನಿಗೆ ಆಗ ಬೇಕಾಗಿರಲಿಲ್ಲ. ಅವನನ್ನು ಹೊತ್ತು ನಿಂತ ನೀರೇ ಸಾಕ್ಷಿಯಾಗಿತ್ತು.

ಅಭ್ಯಾಸ

1. ಹಿರಿಯರು ಮಡಕೆಯನ್ನೂ ಎತ್ತನ್ನೂ ಕೊಳ್ಳುವಾಗ ಹೇಗೆ ಪರೀಕ್ಷಿಸುತ್ತಿದ್ದರು?
2. ಅಭಿಪ್ರಾಯಗಳನ್ನು ಓದಿದ ಲೇಖಕರಿಗೆ ಸಂದೇಹ ಉಂಟಾಗಲು ಕಾರಣಗಳೇನು?
3. ಅಂಗಿ ಮೊದಲು ತೇಲಿ ಆಮೇಲೆ ಮುಳುಗಿದುದೇಕೆ? ವಿಜ್ಞಾನದ ತತ್ತ್ವದ ಆಧಾರದಿಂದ ವಿವರಿಸಿರಿ.
4. ‘ಇಂತಹ ಸಾವಿರ ಸಣ್ಣ ಸಾಕ್ಷಿಗಳು ಕೂಡಿದಾಗ ಒಂದು ದೊಡ್ಡ ಸುಳ್ಳು ಎದ್ದು ನಿಲ್ಲುತ್ತದೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ನಿಮ್ಮ ಮನೆಯಲ್ಲಿ ಈಚೆಗೆ ಕೊಂಡ ಒಂದು ವಸ್ತುವನ್ನು ಪರೀಕ್ಷಿಸಿ, ಅದರ ಗುಣದೋಷಗಳನ್ನು ಕಂಡಂತೆ ಹತ್ತು ವಾಕ್ಯಗಳಲ್ಲಿ ಬರೆಯಿರಿ.