ಗಣಿಯ ಹಗ್ಗ ಹರಿಯುವುದು ಭಾರಕ್ಕಲ್ಲ

ಪ್ರಶ್ನೆ: ಗಣಿಯೊಳಗೆ ಕೆಲಸಗಾರರನ್ನು ಇಳಿಸುವ ಕೇಜಿನ ಉಕ್ಕಿನ ಹಗ್ಗ, ಅದು ಹೊರುವ ಭಾರಕ್ಕಿಂತ ಹತ್ತು ಪಟ್ಟು ಗಟ್ಟಿಯಿರುತ್ತದೆ ಎಂದು ಓದಿದ್ದೇನೆ. ಹಾಗಿದ್ದೂ ಅದು ಹರಿಯುವುದೇಕೆ?

ಉತ್ತರ: ನೀವು ಓದಿದ ಲೆಕ್ಕ ಹೊಸ ಹಗ್ಗದ್ದು. ಹೊಸ ಹಗ್ಗ ಬರೀ ಭಾರಕ್ಕೆ ಹರಿಯುವುದು ತೀರಾ ಅಪರೂಪ. ಅದನ್ನು ದಿನದಿನವೂ ತಿನ್ನುವುದು ಬಾಗು, ನೀರು ಮತ್ತು ಜಗ್ಗು.

ಮೊದಲು ಬಾಗು. ತಂತಿಯ ತುಂಡೊಂದನ್ನು ಅತ್ತಿತ್ತ ಹತ್ತಾರು ಸಲ ಬಾಗಿಸಿದರೆ ಅದು ಮುರಿಯುತ್ತದೆ. ಒಮ್ಮೆಗೇ ಎಳೆದು ಹರಿಯಲು ನಮ್ಮ ಕೈಲಾಗದು. ಗಣಿಯ ಹಗ್ಗವೂ ಪ್ರತಿ ಸಲ ಮೇಲಿನ ರಾಟೆಯನ್ನು ಹತ್ತಿಳಿಯುವಾಗ ಬಾಗಿ ನೆಟ್ಟಗಾಗುತ್ತದೆ. ರಾಟೆ ಎಷ್ಟು ಸಣ್ಣದೋ ಬಾಗು ಅಷ್ಟು ಕಡಿದು. ಅದಕ್ಕೇ ಗಣಿಯ ರಾಟೆಯ ವ್ಯಾಸ ಹಗ್ಗದ ವ್ಯಾಸದ ಸುಮಾರು 80ರಿಂದ 100 ಪಟ್ಟು ಇರುತ್ತದೆ. ಆದರೂ ಸಾವಿರಾರು ಫೇರಿಗಳ ನಂತರ ತಂತಿಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿ, ಫೇರಿಗೊಂದಿಷ್ಟು ಬೆಳೆಯುತ್ತದೆ.

ಲೋಹದ ಈ ದಣಿವನ್ನು ಮೊದಲು ಅಳೆದು ನೋಡಿದವರಲ್ಲಿ ಜರ್ಮನಿಯ ಕ್ಲೌಸ್‌ಥಾಲ್‌ನ ಗಣಿ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ ಒಬ್ಬರು. ಕಬ್ಬಿಣದ ಸರಪಳಿಗಳನ್ನು ಮತ್ತೆ ಮತ್ತೆ ಜಗ್ಗಿ, ಅವು ಮುರಿಯುವ ಬಗೆಯನ್ನು ಅವರು ಪರೀಕ್ಷಿಸಿದರು. 1834ರಲ್ಲಿ ನಾಲ್ಕು ತಂತಿಗಳ ಒಂದೊಂದು ಹುರಿ, ಅಂಥ ಮೂರು ಹುರಿಗಳನ್ನು ಹೊಸೆದ ಹಗ್ಗವನ್ನು ಗಣಿಗೆ ಇಳಿಸಿದರು. ಸರಪಳಿಯ ಒಂದು ಕೊಂಡಿ ಬಿಟ್ಟರೆ ಎಲ್ಲವೂ ಕೆಳಗೆ. ಹಗ್ಗದಲ್ಲಿ ಒಂದು ಎಳೆ ಕಡಿದರೆ ಪಕ್ಕದ ಎಳೆಗಳು ಭಾರ ಹಂಚಿಕೊಳ್ಳುತ್ತವೆ. ಕಡಿದ ಎಳೆಯೂ ನೆರೆಯವುಗಳ ಬಿಗಿತದಿಂದ ತುಸು ದೂರದಲ್ಲೇ ಮತ್ತೆ ಭಾರ ಹೊರತೊಡಗುತ್ತದೆ. ಈ ಹಂಚಿಕೆಯೇ ಅದರ ಪ್ರಾಣ. ಹರಿಯುವ ಮುನ್ನ ಸುಳಿವು ಕೊಡುವ ಗುಣವೂ ಅಲ್ಲಿಂದಲೇ ಬಂದದ್ದು.

ಆದರೆ ಎಲ್ಲ ಸುಳಿವೂ ಹೊರಗೆ ಕಾಣುವುದಿಲ್ಲ. ಗಣಿಯ ನೀರು ಎಷ್ಟೋ ಕಡೆ ಹುಳಿ, ಎಷ್ಟೋ ಕಡೆ ಉಪ್ಪು. ತುಕ್ಕು ಕೊರೆದ ಗುಳಿಯಿಂದಲೇ ಬಿರುಕು ಶುರುವಾಗುತ್ತದೆ. ಹಗ್ಗದ ನಡುವಿನ ನಾರಿನ ಹುರಿ ಗ್ರೀಸನ್ನು ಹಿಡಿದಿಟ್ಟು ಸುತ್ತಲಿನ ಹುರಿಗಳಿಗೆ ಒರಗು ಕೊಡುತ್ತದೆ. ಅದು ಒಣಗಿ ಕುಗ್ಗಿದರೆ ಉಕ್ಕಿನ ಹುರಿಗಳು ಒಂದನ್ನೊಂದು ಉಜ್ಜಿ ಒಳಗೊಳಗೇ ಸವೆಯುತ್ತವೆ. ಹೊರಮೈ ನುಣ್ಣಗೆ ಹೊಳೆಯುತ್ತಿದ್ದರೂ ಒಳಗಿನ ತಂತಿಗಳು ಕಡಿದಿರಬಹುದು. ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಇನ್ನು ಜಗ್ಗು. ಇಳಿಯುವ ಕೇಜು ದಾರಿಯಲ್ಲಿ ಸಿಕ್ಕಿಕೊಂಡು, ಮೇಲೆ ಡ್ರಮ್ಮು ಹಗ್ಗ ಬಿಡುತ್ತಲೇ ಹೋದರೆ ಸಡಿಲ ಹಗ್ಗ ಕೇಜಿನ ಮೇಲೆ ಸುರುಳಿಯಾಗಿ ಬೀಳುತ್ತದೆ. ಕೇಜು ತಟ್ಟನೆ ಬಿಡಿಸಿಕೊಂಡರೆ ಅಷ್ಟೂ ದೂರ ಬಿದ್ದು ಹಗ್ಗವನ್ನು ಜಗ್ಗುತ್ತದೆ. ಆಗ ಹತ್ತು ಪಟ್ಟಿನ ಲೆಕ್ಕವೂ ಸಾಲದೆ ಹೋಗಬಹುದು. ಹರಿಯದೆ ಉಳಿದರೂ ಸುರುಳಿ ಬಿಗಿದು ಮುರುಕು ಬಿದ್ದ ಹಗ್ಗವನ್ನು ಮತ್ತೆ ನಂಬುವಂತಿಲ್ಲ.

ಆಳದ ಗಣಿಗಳಲ್ಲಿ ಹಗ್ಗಕ್ಕೆ ತನ್ನ ತೂಕವೇ ಹೊರೆ. ಚದರ ಮಿಲಿಮೀಟರಿಗೆ ಸುಮಾರು 180 ಕಿಲೋ ತಡೆಯುವ ಉಕ್ಕಿನ ತಂತಿಯನ್ನು ಸುಮ್ಮನೆ ಇಳಿಬಿಟ್ಟರೆ, 23 ಕಿಲೋಮೀಟರ್ ಆಸುಪಾಸಿನಲ್ಲಿ ತನ್ನ ತೂಕಕ್ಕೇ ಹರಿಯುತ್ತದೆ. ಹತ್ತು ಪಟ್ಟು ಗಟ್ಟಿಯಿರಬೇಕೆಂದರೆ 2.3 ಕಿಲೋಮೀಟರಿಗೇ ಅದರ ಶಕ್ತಿ ಮುಗಿಯಿತು, ಕೇಜು ಕಟ್ಟುವ ಮೊದಲೇ! ನಮ್ಮ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಜನ ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಹಂತಹಂತವಾಗಿ ಇಳಿಯುತ್ತಿದ್ದರು. ದಕ್ಷಿಣ ಆಫ್ರಿಕದ ಕೆಲವು ಗಣಿಗಳಲ್ಲಿ ಕೇಜು ಸುಮಾರು ಅಷ್ಟೇ ಆಳಕ್ಕೆ ಒಂದೇ ಓಟದಲ್ಲಿ ಇಳಿಯುತ್ತದೆ. ಅಲ್ಲಿ ಪಟ್ಟು ಕಡಿಮೆ ಮಾಡಿ ತಪಾಸಣೆಯನ್ನು ಬಿಗಿ ಮಾಡಿದ್ದಾರೆ.

ತಪಾಸಣೆ ಎಂದರೆ ಹಗ್ಗವನ್ನು ನಿಧಾನವಾಗಿ ಓಡಿಸುತ್ತ ಕಣ್ಣಿಟ್ಟು ನೋಡುವುದು, ಕಡಿದ ಎಳೆಗಳನ್ನು ಎಣಿಸುವುದು, ಒಳಗಿನ ಕಡಿತವನ್ನು ಕಾಂತದ ಉಪಕರಣದಿಂದ ಹುಡುಕುವುದು. ಕೇಜು ಹೊರಡುವಾಗ, ನಿಲ್ಲುವಾಗ ಏಳುವ ಕಂಪನವೆಲ್ಲ ತುದಿಗೆ ಬಂದು ಬಡಿಯುವುದರಿಂದ ಅಲ್ಲಿ ದಣಿವು ಹೆಚ್ಚು. ಆದ್ದರಿಂದ ಡ್ರಮ್ಮಿಗೆ ಸುತ್ತುವ ಹಗ್ಗಗಳಲ್ಲಿ ಕೆಲವು ತಿಂಗಳಿಗೊಮ್ಮೆ ಕೇಜಿನ ಕಡೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಕಟ್ಟುತ್ತಾರೆ. ಕತ್ತರಿಸಿದ ತುಂಡಿನ ಎಳೆಗಳನ್ನು ಬಿಡಿಸಿ ಎಳೆದು ಪರೀಕ್ಷಿಸಬಹುದು. ಹೊರೆ ಮೀರಿ ಹರಿದ ಎಳೆಯ ತುದಿ ಸಣಕಲಾಗಿರುತ್ತದೆ; ದಣಿದು ಮುರಿದದ್ದು ಚಪ್ಪಟೆಯಾಗಿ, ಕತ್ತರಿಸಿದಂತೆ ಕಾಣುತ್ತದೆ.